ವಿಡಿಯೋದಾಗಿನ ಕೈ ಯಾರದು?

ನಮ್ಮ ರೊಟ್ಟಿ ವಿಡಿಯೋ ನೀವೆಲ್ಲಾರೂ ನೋಡೀರಿ, ನೋಡಿ ಫೋನೂ ಮಾಡೀರಿ. ಭಾಳ ಸಂತೋಷ ಆತು. ಆದ್ರ ಹತ್ತು ಫೋನ್ ಬಂದ್ರ ಅದರಾಗ ಏಳು ಮಂದಿ ಕೇಳಿದ್ದು ರೊಟ್ಟಿ ರೇಟ್ ಅಲ್ಲ. "ಆ ಕೈ ಯಾರದು?" ಅಂತ ಕೇಳಿದ್ರಿ.

ನಮ್ಮ ಬಳಗದಾಗಿನ ಒಬ್ಬ ಹಿರೇರು ಇನ್ನೂ ಒಂದು ಹೆಜ್ಜಿ ಮುಂದ ಹೋಗಿ, "ಅಲ್ಲವಾ, ಲಕ್ಷಣಾಗಿ ಹಸರ ಬಳಿ ಹಾಕಿದ್ದ ಕೈ ತೋರಸೂದು ಬಿಟ್ಟು ಬೋಳಗೈ ತೋರಿಸೀರಲ್ಲ. ನಿನ್ನ ಕೈ ಇದ್ದಿಲ್ಲೇನು ಮನ್ಯಾಗ?" ಅಂದ್ರು. ನನಗ ಫೋನಿನ್ಯಾಗ ಉತ್ತರ ಬರಲಿಲ್ಲ. "ಹೂಂ ರೀ, ಹೌದ್ರಿ" ಅಂದು ಇಟ್ಟುಬಿಟ್ಟೆ. ರಾತ್ರಿ ಮಾತ್ರ ನಿದ್ದಿ ಹತ್ತಲಿಲ್ಲ. ಯಾಕಂದ್ರ ಅವರು ಕೇಳಿದ್ದು ನಾವು ಮೊದಲ ಮಾಡಿ ಕೆಡಿಸಿದ್ದ ಕೆಲಸಾನ. ಅದಕ್ಕ ಆ 40 ಸೆಕೆಂಡಿನ ವಿಡಿಯೋ ಹೆಂಗ ಆತು ಅಂಬೂದನ್ನ ಮೊದಲಿನಿಂದ ಕಡೀತನಕ ಬರೀತೀನಿ. ಮನ್ಯಾಗ ಹಪ್ಪಳ, ಸಂಡಿಗಿ, ಹೋಳಿಗಿ ಮಾಡಿ ಮಾರಾವರಿಗೆ ಒಂದೀಟು ಉಪಯೋಗಾನೂ ಆದೀತು.

ನನ್ನ ನೆಗೆಣ್ಣಿ ನಿಮಗೆಲ್ಲಾ ಗೊತ್ತಿದ್ದಾಕಿನ. ಮೈದುನ ತೀರಿಕೊಂಡು ಮೂರು ವರ್ಷ ಆತು. ಅಲ್ಲಿಂದ ಅಕಿ ಮನಿ ನಡದದ್ದು ರೊಟ್ಟಿ ಮ್ಯಾಲೆ. ಮುಂಜಾನಿ ನಾಕೂವರಿಗೆ ಎದ್ದು ಹಂಚು ಇಟ್ಲಂದ್ರ ಹತ್ತು ಗಂಟೆಯೊಳಗ ನೂರು ರೊಟ್ಟಿ. ಅದರಾಗ 60 ರೊಟ್ಟಿ ಒಂದ ಖಾನಾವಳಿಗೆ ಹೋಗ್ತಿದ್ವು. ಉಳದದ್ದು ನಮ್ಮ ಓಣಿಗೆ, ಬಾಡಗಿ ರೂಮಿನ್ಯಾಗ ಇರೂ ಹುಡುಗರಿಗೆ. ಹೋದ ದಸರಾ ಮುಗದ ಮ್ಯಾಲೆ ಖಾನಾವಳಿಯವರು ರೊಟ್ಟಿ ಮಷೀನ್ ತಂದ್ರು. ಅವರನ್ನ ಬೈಯೂದ್ರಾಗ ಅರ್ಥ ಇಲ್ಲ, ಅವರದೂ ವ್ಯಾಪಾರ. ಆದ್ರ ಇಕಿಗೆ ದಿನಕ್ಕ 420 ರೂಪಾಯಿ ಬರೂದು ಒಂದ ದಿನದಾಗ ನಿಂತು ಹೋತು. ಮಗಳದು ಬಿ.ಕಾಂ. ಕಡೀ ವರ್ಷ, ಫೀ ಇನ್ನೂ ಅರ್ಧ ಕಟ್ಟೂದಿತ್ತು.

ವಿಡಿಯೋ ಮಾಡೂಣು ಅಂದಾಕಿ ಆ ಹುಡುಗಿನ. "ದೊಡವ್ವಾ, ಇಲ್ಲೆ ಓಣ್ಯಾಗ ಎಲ್ಲಾರ ಮನ್ಯಾಗೂ ರೊಟ್ಟಿ ಬಡೀತಾರ. ರೊಟ್ಟಿ ಬೇಕಾದವರು ಬ್ಯಾರೆ ಊರಾಗ ಅದಾರ. ಅವರಿಗೆ ನಮ್ಮವ್ವನ ರೊಟ್ಟಿ ಕಾಣಬೇಕಲ್ಲ" ಅಂದ್ಲು. ಮಾತು ಖರೇನ ಇತ್ತು.

ಹಳೇ ಕ್ಯಾಲೆಂಡರಿನ ಹಿಂದಿನ ಬದಿಗೆ ಅಕಿ ಮೂರು ಪ್ರಶ್ನಿ ಬರದ್ಲು. ಈ ವಿಡಿಯೋ ಯಾರು ನೋಡಬೇಕು? ನೋಡಿದವರಿಗೆ ಯಾವ ಒಂದು ಮಾತು ನೆನಪಿರಬೇಕು? ನೋಡಿದ ಮ್ಯಾಲೆ ಅವರು ಏನು ಮಾಡಬೇಕು? ನಾನು "ಎಲ್ಲಾರೂ ನೋಡ್ಲಿ" ಅಂದೆ. "ಹಂಗಂದ್ರ ಜಾತ್ರ್ಯಾಗ ನಿಂತು ಒದರಿದಂಗ ಆಗ್ತೈತಿ ದೊಡವ್ವಾ, ಯಾರೂ ಹೊಳ್ಳಿ ನೋಡೂದಿಲ್ಲ" ಅಂದ್ಲು. ಕಡೀಕ ಹಿಂಗ ಠರಾಸಿದ್ವಿ: ನೋಡಬೇಕಾದವರು ಬೆಂಗಳೂರು, ಪುಣೆ ಕಡೆ ನೌಕರಿಗೆ ಹೋದ ನಮ್ಮ ಕಡೀ ಮಂದಿ. ರೊಟ್ಟಿ ಬೇಕು, ಬಡಿಯಾಕ ಬರೂದಿಲ್ಲ ಇಲ್ಲಾ ಹೊತ್ತಿಲ್ಲ. ನೆನಪಿಡಬೇಕಾದ ಮಾತು, ಇದು ಕೈಲೆ ಬಡದ ಮಾಲದಂಡಿ ಜ್ವಾಳದ ಖಡಕ್ ರೊಟ್ಟಿ. ಮಾಡಬೇಕಾದ ಕೆಲಸ, ಕೆಳಗಿನ ನಂಬರಿಗೆ ವಾಟ್ಸಾಪ್ ಮಾಡೂದು. ಅಷ್ಟ.

2023ನ್ನ ವಿಶ್ವಸಂಸ್ಥೆಯವರು ಸಿರಿಧಾನ್ಯದ ವರ್ಷ ಅಂತ ಸಾರಿದ ಮ್ಯಾಲೆ ಜ್ವಾಳದ ಕಡೆ ಪ್ಯಾಟಿ ಮಂದೀದು ಒಲವು ಬಂದೈತಿ. ನಮಗದು ದಿನದ ಊಟ, ಅವರಿಗೆ ಹೊಸಾದು. ಹಂಗಂತ ಹೊಸಬರ ಬೆನ್ನ ಹತ್ತೂದು ಬ್ಯಾಡ, ಮೊದಲ ನಮ್ಮವರನ್ನ ಹಿಡಿಯೂಣು ಅಂತ ಹುಡುಗಿ ಹೇಳಿದ್ಲು.

ಇಲ್ಲೀತನಕ ಎಲ್ಲಾ ಚಲೋ ಇತ್ತು. ಶೂಟಿಂಗಿಗೆ ಒಬ್ಬರು ಮದಿವಿ ವಿಡಿಯೋ ಮಾಡಾವರನ್ನ ಕರಸಿದ್ವಿ. ಅರ್ಧ ದಿನಕ್ಕ 4,000 ರೂಪಾಯಿ. ನಮ್ಮ ಮನಿಯವರು ಕೊಟ್ರು. ಹುಡುಗ ಒಳ್ಳೆಯಾವನ, ಸಣ್ಣ ವಯಸ್ಸು. ಎರಡು ದೊಡ್ಡ ಲೈಟ್ ಹಚ್ಚಿದ, ಅಡಗೀಮನಿ ಗ್ವಾಡಿಗೆ ಹಸರ ಸೀರಿ ಕಟ್ಟಿದ. ನೆಗೆಣ್ಣಿ ಪರಾತದ ಮುಂದ ಕೂತ್ಲು. ಅಂವ ಕ್ಯಾಮರಾದಾಗ ನೋಡಿ, "ಆಂಟಿ, ಕೈಗೆ ಒಂದೀಟು ಹಸರ ಬಳಿ ಹಾಕೋರಿ, ಖಾಲಿ ಖಾಲಿ ಕಾಣತೈತಿ" ಅಂದ.

ಯಾರೂ ಮಾತಾಡಲಿಲ್ಲ. ಅಂವಗ ಗೊತ್ತಿರಲಿಲ್ಲ, ಅಂವನ ತಪ್ಪಲ್ಲ. ನೆಗೆಣ್ಣಿ ತಲಿ ಎತ್ತಲಿಲ್ಲ, ಹಿಟ್ಟಿನ ಕೈ ಹಿಟ್ಟಿನ್ಯಾಗ ಇಟ್ಟುಕೊಂಡು ಹಂಗ ಕೂತ್ಲು. ಒಳಗ ಕೋಲ್ಯಾಗ ಅತ್ತಿ ಮಲಗಿದ್ರು. ಅವರಿಗೆ ಕೇಳಿಸೀತೇನೋ ಅಂತ ನನಗ ಎದಿ ಡವಡವ. ಆಗ ನಾನ ಮುಂದ ಬಂದು, "ಇರ್ಲಿ ಬಿಡು ತಮ್ಮಾ, ನನ್ನ ಕೈ ತಗೊ" ಅಂದೆ. ನೆಗೆಣ್ಣಿ ಎದ್ದು ಜಾಗಾ ಬಿಟ್ಟು ಕೊಟ್ಲು. ಕೈ ತೊಳಕೊಂಡು ಹಿತ್ತಲಕ್ಕ ಹೋಗಿಬಿಟ್ಲು.

ಇಲ್ಲೆ ಒಂದು ಮಾತು ಮುಚ್ಚಿಡದ ಹೇಳತೀನಿ. ಅಕಿ ಮರ್ಯಾದಿ ಉಳಸಾಕ ನಾ ಕೂತೆ ಅಂತ ಅವತ್ತು ನನಗ ನಾನ ಹೇಳಿಕೊಂಡೆ. ಅರ್ಧ ಖರೆ. ಇನ್ನರ್ಧ ಏನಂದ್ರ, ನನ್ನ ಕೈ ವಿಡಿಯೋದಾಗ ಬರತಾವಲ್ಲ ಅನ್ನೂ ಹಿಗ್ಗು ಇತ್ತು. ಒಳಗ ಹೋಗಿ ಮಗನ ಮದಿವ್ಯಾಗ ಹಾಕೊಂಡಿದ್ದ ಬಳಿ ಹಾಕೊಂಡು ಬಂದೆ. ಹಿತ್ತಲದಾಗ ಅಕಿ ಏನು ಮಾಡಾಕತ್ತಾಳ ಅಂತ ಹೋಗಿ ನೋಡಲಿಲ್ಲ.

ರೊಟ್ಟಿ ನಂಗೂ ಬರತೈತಿ, ಆದ್ರ ಮನಿ ಮಟ್ಟಿಗೆ. ನಿಮಗ ಗೊತ್ತಲ್ಲ, ಗೋದಿಗೆ ಇರೂ ಅಂಟು ಜ್ವಾಳಕ್ಕ ಇಲ್ಲ. ಅದಕ್ಕ ಕುದಿಯೂ ಎಸರು ಹಾಕಿ, ಬಿಸಿ ಇದ್ದಾಗನ ನಾದಿ, ತಡಾ ಮಾಡದ ಬಡೀಬೇಕು. ಆ ಹುಡುಗ "ಇನ್ನೊಮ್ಮೆ ಆಂಟಿ", "ಈ ಕಡಿಂದ ಇನ್ನೊಮ್ಮೆ" ಅಂತ ನಿಲ್ಲಿಸಿ ನಿಲ್ಲಿಸಿ ತಗದ. ಅಷ್ಟರಾಗ ಹಿಟ್ಟು ಆರಿತು. ಲೈಟಿನ ಝಳಕ್ಕ ಮ್ಯಾಲಿನ ಪದರ ಒಣಗಿತು. ಅಂಚೆಲ್ಲಾ ಬಿರಕು ಬಿಟ್ವು. ಒಡದೀತು ಅಂತ ಹೆದರಿ ನಾ ದಪ್ಪ ಬಡದೆ. ಕ್ಯಾಮರಾದಾಗ ಮಾತ್ರ ಬಳಿ, ಹಸರ ಸೀರಿ, ಲೈಟು ಎಲ್ಲಾ ಕೂಡಿ ಸಿನಿಮಾದಂಗ ಕಂಡಿತು. ಅಂವ ಹಿಂದ ಒಂದು ಸಿನಿಮಾ ಹಾಡು ಕೂಡಿಸಿ ಎರಡು ದಿನದಾಗ ಕಳಿಸಿದ. ನಾನಂತೂ ಹತ್ತು ಸಲ ನೋಡಿದೆ.

ಮೊದಲ ಮನ್ಯಾಗ ಎಲ್ಲಾರಿಗೂ ತೋರಿಸಿ ಆಮ್ಯಾಲೆ ಹೊರಗ ಬಿಡೂಣು ಅಂತ ಹುಡುಗಿ ಅತ್ತಿ ಕೈಯಾಗ ಫೋನ್ ಕೊಟ್ಲು. ಅತ್ತಿಗೆ ಎಂಬತ್ತು ದಾಟಿದ ವಯಸ್ಸು. ಚಸ್ಮಾ ಸರಿ ಮಾಡಿಕೊಂಡು ಪೂರಾ ನೋಡಿದ್ರು. ಇನ್ನೊಮ್ಮೆ ಹಚ್ಚು ಅಂದ್ರು. ಎರಡನೇ ಸಲ ನೋಡಿ, "ಇಷ್ಟ ದಪ್ಪ ರೊಟ್ಟಿ ಯಾರ ಬಡದದ್ದು?" ಅಂದ್ರು.

"ದೊಡವ್ವ, ಆಯಿ."

"ಮಾರಾಕಿ ಯಾರು?"

"ಅವ್ವ."

"ಮತ್ತ ಇದನ್ನ ನೋಡಿ ತಗೊಂಡಾವಗ ತೆಳ್ಳನ ರೊಟ್ಟಿ ಹೋದ್ರ, ಅಂವ ಸಂಶೆ ಪಡೂದಿಲ್ಲೇನು?" ಅಂದು ಫೋನ್ ವಾಪಸ್ ಕೊಟ್ರು. ಬಳಿ ಬಗ್ಗೆ ಒಂದು ಶಬ್ದಾನೂ ಆಡಲಿಲ್ಲ. ನಾವು ಯಾರು ಏನಂದಾರು ಅಂತ ಹೆದರಿದ್ವೋ ಅವರು ಬರೇ ರೊಟ್ಟಿ ನೋಡಿದ್ರು. ನನಗ ನಗೀನೂ ಬಂತು, ನಾಚಿಕೀನೂ ಆತು.

ಅವತ್ತು ರಾತ್ರಿ ಪಾತ್ರಿ ತೊಳಿಯುವಾಗ ನೆಗೆಣ್ಣಿನ್ನ ಕೇಳಿದೆ. "ಮಗಳು ಬಳಿ ತಂದು ಇಟ್ಟಾಳಲ್ಲ, ಹಾಕೊಂಡು ನೀನ ಬಡಿ. ಈಗೇನು ಯಾರೂ ಏನೂ ಅನ್ನೂದಿಲ್ಲ" ಅಂದೆ. ಅಕಿ ಭಾಂಡೆ ಬೋರಲ ಹಾಕಿ ಹೇಳಿದ್ಲು: "ಅಕ್ಕಾ, ಬಳಿ ಹಾಕೋಳಾಕ ನನಗೇನು ಬ್ಯಾಸರಿಲ್ಲ. ಹಾಕೋಬೇಕು ಅನಿಸಿದ ದಿನ ಹಾಕೋತೀನಿ. ಅವರಪ್ಪ ಇದ್ದಾಗೂ ರೊಟ್ಟಿ ಬಡಿಯುವಾಗ ನಾ ಬಳಿ ಮ್ಯಾಲೆ ಸರಸ್ತಿದ್ದೆ, ಹಿಟ್ಟು ಮೆತ್ತತಿತ್ತು. ಈಗ ಬರೇ ಕ್ಯಾಮರಾಕ್ಕಂತ ಹಾಕೊಂಡ್ರ ಅದು ನೋಡಾವರ ಸಲುವಾಗಿ ಆಗ್ತೈತಿ. ನನ್ನ ಕೈ ಹೆಂಗ ಅದಾವ ಹಂಗ ಬರ್ಲಿ. ಇಲ್ಲಾಂದ್ರ ವಿಡಿಯೋನ ಬ್ಯಾಡ."

ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ನೀ ಎದ್ದು ಬಂದದ್ದು ನನಗ ಭಾಳ ಬ್ಯಾಸರಾತು" ಅಂದ್ಲು. ನಾ ಏನಂತ ಹೇಳಲಿ? "ನಂಗ ಗೊತ್ತು" ಅಂದೆ. ಗೊತ್ತಿತ್ತು ಖರೇನ.

ಎರಡನೇ ಸಲಕ್ಕ ರೊಕ್ಕ ಇರಲಿಲ್ಲ. ಹುಡುಗಿ ತನ್ನ ಫೋನಿನ್ಯಾಗ ತಗೀತೀನಿ ಅಂದ್ಲು. ಈ ಸಲ ನಾವು ಕಲತದ್ದು ಏನೇನು ಅಂಬೂದನ್ನ ಹೇಳತೀನಿ, ಬೇಕಾದವರು ಬರದು ಇಟ್ಟುಕೋರಿ.

ಮೊದಲನೇದು, ತಗಿಯೂ ತುಣುಕುಗಳ ಪಟ್ಟಿ. ಒಂಬತ್ತು ತುಣುಕು ಬರಕೊಂಡ್ಲು: ಹಿಟ್ಟು ಪರಾತಕ್ಕ ಬೀಳೂದು, ಎಸರು ಹಾಕೂದು, ನಾದೂದು, ಮ್ಯಾಲಿಂದ ಕಾಣೂ ಹಂಗ ಬಡಿಯೂದು, ಬಾಜೂದಿಂದ ಬಡಿಯೂದು, ಹಂಚಿಗೆ ಹಾಕೂದು, ಒದ್ದಿ ಅರಿವಿಲೆ ನೀರು ಸವರೂದು, ರೊಟ್ಟಿ ಉಬ್ಬೂದು, ಒಲಿ ಬಾಜೂ ನಿಲ್ಲಿಸಿ ಖಡಕ್ ಮಾಡೂದು. ಆದ್ರ ಅಕಿನ್ನ ನಿಲ್ಲಿಸಿ ನಿಲ್ಲಿಸಿ ತಗೀಲಿಲ್ಲ. ಅಕಿ ದಿನದಂಗ ಕೆಲಸಾ ಮಾಡಾಕಿ, ಒಂದು ರೊಟ್ಟಿಗೆ ಒಂದು ತುಣುಕು. ನೂರು ರೊಟ್ಟಿ ಆಗೂತನಕ ನಮಗೂ ನೂರು ಅವಕಾಶ. ಹಿಟ್ಟು ಆರೂ ತ್ರಾಸ ಇಲ್ಲ.

ಎರಡನೇದು ಬೆಳಕು. ಅಡಗೀಮನಿ ಬಾಗಲಾ ಮೂಡಣಕ್ಕ ಐತಿ. ಏಳೂವರಿಗೆ ಬಿಸಲು ಹೊಸ್ತಿಲಕ್ಕ ಬರತೈತಿ. ಆಗ ಟ್ಯೂಬ್‌ಲೈಟ್ ಆರಿಸಿ ಬಾಗಲದ ಬೆಳಕಿನ್ಯಾಗ ತಗದ್ಲು. ಎರಡೂ ಬೆಳಕು ಕೂಡಿದ್ರ ರೊಟ್ಟಿ ಬಣ್ಣ ನೀಲಿ ನೀಲಿ ಕಾಣತಿತ್ತು. ಬೆಳಕು ಬಾಜೂದಿಂದ ಬಂದ್ರ ರೊಟ್ಟಿ ಮ್ಯಾಲಿನ ಬೆರಳಿನ ಗುರ್ತು, ಕಂದು ಚುಕ್ಕಿ ಎಲ್ಲಾ ಎದ್ದು ಕಾಣತಾವ.

ಮೂರನೇದು ಫೋನ್ ಅಲಗಾಡಬಾರದು. ಸ್ಟ್ಯಾಂಡ್ ಇರಲಿಲ್ಲ. ಎರಡು ಅಕ್ಕಿ ಡಬ್ಬಿ, ಅದರ ಮ್ಯಾಲೆ ಲಟ್ಟಣಗಿ ಮಣಿ, ಅದಕ್ಕ ಆನಿಸಿ ಫೋನ್ ಉದ್ದಕ ನಿಲ್ಲಿಸಿದ್ವಿ. ಮಂದಿ ಫೋನ್ ಉದ್ದಕ ಹಿಡದ ನೋಡತಾರ, ಅಡ್ಡ ತಗದ್ರ ರೊಟ್ಟಿ ಸಣ್ಣದಾಗಿ ಕಾಣತೈತಿ. ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕ್ರಿ, ಇಲ್ಲಾಂದ್ರ ರೊಟ್ಟಿ ಉಬ್ಬೂ ಹೊತ್ತಿನ್ಯಾಗ ಯಾರರ ಫೋನ್ ಮಾಡ್ತಾರ. ಮೊದಲನೇ ದಿನ ಮಾಡಿದವರು ನಮ್ಮ ಮನಿಯವರ! ಹಂಚಿನ ಹಬಿ ಹೊಡದು ಕ್ಯಾಮರಾ ಕಣ್ಣು ಮಬ್ಬಾಗತೈತಿ, ನಾ ಬಾಜೂ ನಿಂತು ಮೆತ್ತನ ಅರಿವಿಲೆ ಒರಸಾಕಿ. ಆ ದಿನ ನನ್ನ ಕೈಗೆ ಸಿಕ್ಕ ಕೆಲಸಾ ಅದ.

ನಾಕನೇದು ಸಪ್ಪಳ. ಫ್ಯಾನ್ ಬಂದ್, ಫ್ರಿಜ್ ಅರ್ಧಾ ತಾಸು ಬಂದ್. ಬಾಜೂ ಮನಿ ವೈನಿಗೆ ಹೇಳಿ ಮಿಕ್ಸರ್ ತಡಸಿದ್ವಿ. ಅಕಿ ರೊಟ್ಟಿ ಬಡಿಯೂ ಪಟ ಪಟ ಸಪ್ಪಳ ಸ್ವಚ್ಛ ಬಂತು. ಮೊದಲಿನ ವಿಡಿಯೋಕ್ಕ ಹಾಕಿದ ಸಿನಿಮಾ ಹಾಡು ಹುಡುಗಿ ತಗದ ಹಾಕಿದ್ಲು. ಹಾಡಿಗೆ ಹಕ್ಕುದಾರರು ಇರತಾರ, ವ್ಯಾಪಾರದ ವಿಡಿಯೋಕ್ಕ ಅವರನ್ನ ಕೇಳದ ಹಾಕಿದ್ರ ಸಪ್ಪಳ ಬಂದ್ ಮಾಡ್ತಾರ, ಇಲ್ಲಾ ವಿಡಿಯೋನ ತಗೀತಾರ. ನಮಗ ಹಾಡು ಬೇಕಾಗಲೂ ಇಲ್ಲ. ಬ್ಯಾರೆ ಊರಾಗ ಇರೂ ನಮ್ಮ ಮಂದಿಗೆ ಆ ಪಟ ಪಟ ಕೇಳಿದ್ರ ಅವರವ್ವನ ಅಡಗೀಮನಿ ನೆನಪಾಗತೈತಿ.

ಎಲ್ಲಾ ಕೂಡಿ 47 ನಿಮಿಷ ತಗದಿದ್ವಿ. ಅದನ್ನ 40 ಸೆಕೆಂಡಿಗೆ ಇಳಸಾಕ ಹುಡುಗಿಗೆ ಮೂರು ರಾತ್ರಿ ಹಿಡದ್ವು. ನಾ ಹಿಟ್ಟು ಬೀಳೂದರಿಂದ ಶುರು ಮಾಡು ಅಂದೆ. ಅಕಿ ರೊಟ್ಟಿ ಉಬ್ಬೂದನ್ನ ಮೊದಲ ಇಟ್ಲು. "ಬೆರಳಿಲೆ ಸರಸ್ತಿರತಾರ ದೊಡವ್ವಾ, ಮೊದಲ ಮೂರು ಸೆಕೆಂಡಿನ್ಯಾಗ ನಿಲ್ಲಲಿಲ್ಲ ಅಂದ್ರ ಹೋದ್ರು" ಅಂದ್ಲು. ಸಪ್ಪಳ ಬಂದ್ ಮಾಡಿ ನೋಡಾವರು ಭಾಳ ಮಂದಿ ಇರತಾರಂತ. ಅದಕ್ಕ ಕೆಳಗ ಕನ್ನಡದಾಗ ದೊಡ್ಡ ಅಕ್ಷರದಾಗ ಬರದ್ಲು.

ಬರಿಯೂದರ ಮ್ಯಾಲೆ ಮತ್ತೊಂದು ಜಗಳ ಆತು. ನಮ್ಮ ಒಬ್ಬ ಸಂಬಂಧಿಕರು, "ಸಕ್ಕರಿ ಕಾಯಿಲೆ ವಾಸಿ ಮಾಡೂ ರೊಟ್ಟಿ ಅಂತ ಬರೀರಿ, ದುಪ್ಪಟ್ಟು ಮಾರಾಟ ಆಗ್ತಾವ" ಅಂದ್ರು. ಅವರು ನಮ್ಮ ಒಳ್ಳೇದಕ್ಕನ ಹೇಳಿದ್ದು. ಆದ್ರ ಹುಡುಗಿ ಒಪ್ಪಲಿಲ್ಲ. ತಿನ್ನೂ ವಸ್ತುದ ಜಾಹೀರಾತಿನ್ಯಾಗ ರೋಗ ವಾಸಿ ಆಗತೈತಿ ಅನ್ನಂಗಿಲ್ಲ ಅಂತ 2018ರ ನಿಯಮ ಐತಿ. ಸುಳ್ಳು ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆದಾಗ 10 ಲಕ್ಷದ ತನಕ ದಂಡ ಐತಿ. 10 ಲಕ್ಷ ಅಂದ ಕೂಡಲೇ ನಮ್ಮ ಮನಿಯವರು ಆ ಸಾಲು ತಾವ ಅಳಿಸಿದ್ರು. ನೆಗೆಣ್ಣಿ ಅಂದದ್ದು ಬ್ಯಾರೆ: "ನಿಮ್ಮ ಮೈದುನಗೂ ಸಕ್ಕರಿ ಇತ್ತು ಅಕ್ಕಾ. ದಿನಾ ನನ್ನ ಕೈಯಾನ ರೊಟ್ಟಿನ ತಿಂದ್ರು." ಅದರ ಮ್ಯಾಲೆ ಯಾರೂ ಆ ಮಾತು ಎತ್ತಲಿಲ್ಲ.

ಕಡೀಕ ವಿಡಿಯೋದಾಗ ಬರದದ್ದು ಇಷ್ಟ: ಮಾಲದಂಡಿ ಜ್ವಾಳ, ಕೈಲೆ ಬಡದದ್ದು, ಹತ್ತು ರೊಟ್ಟಿ ಕಟ್ಟಿಗೆ ರೇಟು, ವಾಟ್ಸಾಪ್ ನಂಬರು. ಮನ್ಯಾಗ ಮಾಡಿ ಮಾರಾವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ನಮ್ಮಂಥ ಸಣ್ಣವರಿಗೆ ವರ್ಷಕ್ಕ 100 ರೂಪಾಯಿ ಫೀ ಕಟ್ಟಿ ಮಾಡಿಸಿದ್ವಿ. 14 ಅಂಕಿ ನಂಬರ್ ಕೊಡತಾರ, ಅದನ್ನ ಕಟ್ಟಿನ ಚೀಟಿ ಮ್ಯಾಲೆ ಹಾಕಿದ್ವಿ.

ಹೊರಗ ಬಿಡೂಕಿಂತ ಮೊದಲ ಇನ್ನೊಂದು ಕೆಲಸಾ ಮಾಡಿದ್ವಿ, ಅದು ಭಾಳ ಚಲೋ ಆತು. ಪುಣೆದಾಗಿನ ನನ್ನ ತಂಗಿಗೆ 20 ರೊಟ್ಟಿ ಕೊರಿಯರ್ ಮಾಡಿ ನೋಡಿದ್ವಿ. ಏಳು ಪುಡಿ ಆಗಿ ಹೋಗಿದ್ವು. ರೊಟ್ಟಿ ಅಲಗಾಡಿದ್ರ ಒಡಿತಾವ. ಅದಕ್ಕ ಮ್ಯಾಲೊಂದು ಕೆಳಗೊಂದು ದುಂಡನ ರಟ್ಟು ಇಟ್ಟು, ಬಿಗಿ ಸುತ್ತಿ, ಡಬ್ಬಿಯೊಳಗಿನ ಸಂದಿಗೆಲ್ಲಾ ಕಾಗದ ತುರುಕಿ ಮತ್ತ ಕಳಿಸಿದ್ವಿ. ಎರಡನೇ ಸಲ ಒಂದ ಒಡದಿತ್ತು. ವಿಡಿಯೋ ಮೊದಲ ಬಿಟ್ಟು ಆಮ್ಯಾಲೆ ಇದನ್ನ ಕಲತಿದ್ರ ಮರ್ಯಾದಿ ಹೋಗತಿತ್ತು.

ಎಳ್ಳಮಾಸಿಗೆ ಎಂಟು ದಿನ ಇತ್ತು. ಚರಗ ಚೆಲ್ಲಾಕ ಹೊಲ ಇರ್ಲಿ ಬಿಡ್ಲಿ, ಆ ಹೊತ್ತಿಗೆ ನಮ್ಮ ಮಂದಿಗೆಲ್ಲಾ ರೊಟ್ಟಿ, ಹಿಂಡಿ, ಪುಂಡಿಪಲ್ಯದ ನೆನಪು ಬಂದ ಬರತೈತಿ. ಶನಿವಾರ ಸಂಜಿ ಆರು ಗಂಟೆಕ್ಕ ಬಿಟ್ವಿ. ಇನ್‌ಸ್ಟಾಗ್ರಾಂದಾಗ ಒಂದು, ಯೂಟ್ಯೂಬಿನ್ಯಾಗ ಒಂದು, ನಮ್ಮೆಲ್ಲಾರ ವಾಟ್ಸಾಪ್ ಸ್ಟೇಟಸ್ಸಿನ್ಯಾಗ, ಬಳಗದ ಗ್ರೂಪಿನ್ಯಾಗ. ನೆಗೆಣ್ಣಿ ನೋಡಲಿಲ್ಲ. ಸಂಜಿ ದೀಪ ಹಚ್ಚಿ, ಮರುದಿನದ ಜ್ವಾಳ ಹಸನ ಮಾಡ್ಕೋತ ಕೂತ್ಲು. ನಾನ ಜುಲಮಿಲೆ ಫೋನ್ ಹಿಡದೆ. ತನ್ನ ಕೈ ತಾನ ನೋಡಿಕೊಂಡು, "ಸುಟ್ಟ ಕಲಿ ಕಾಣತಾವಲ್ಲ" ಅಂದ್ಲು. ಕಾಣತಾವ. ಬೆಳಕು ಅಷ್ಟು ಚಲೋ ಇತ್ತು.

ಮೊದಲನೇ ರಾತ್ರಿ ಬಂದದ್ದು ನಿಮ್ಮ ಫೋನ್‌ಗಳು, ಕೈ ಯಾರದು ಅಂತ. ಆರ್ಡರ್ ಬಂದದ್ದು ಮರುದಿನ. ಬೆಂಗಳೂರಿನಿಂದ ಒಬ್ಬಾಕಿ ಬರದಿದ್ಲು, "ನಮ್ಮವ್ವನ ಕೈ ನೋಡಿದಂಗಾತು, 50 ರೊಟ್ಟಿ ಕಳಸ್ರಿ" ಅಂತ. ಮೂರನೇ ದಿನಕ್ಕ ಎಲ್ಲಾ ಕೂಡಿ 640 ರೊಟ್ಟಿ ಆದ್ವು. ಹಿಗ್ಗಿನ್ಯಾಗ ಹುಡುಗಿ ಎಲ್ಲಾರಿಗೂ "ಹೂಂ" ಅಂದುಬಿಟ್ಟಿದ್ಲು. ನೆಗೆಣ್ಣಿ ಎರಡು ದಿನ 160, 170 ಬಡದ್ಲು. ಮೂರನೇ ಮುಂಜಾನಿ ಬಲಗೈ ಮಣಿಗಂಟು ಬಾತಿತ್ತು. ಚಹಾದ ಕಪ್ ಎತ್ತಾಕ ಆಗಲಿಲ್ಲ.

ಅವತ್ತು ಮತ್ತ ಕ್ಯಾಲೆಂಡರ್ ತಗದು ಕೂತ್ವಿ. ನಾವು ಎಲ್ಲಾ ಲೆಕ್ಕಾ ಹಾಕಿದ್ವಿ, ಎರಡು ಕೈಲೆ ದಿನಕ್ಕ ಎಷ್ಟು ಆಗತಾವ ಅನ್ನೂ ಲೆಕ್ಕಾ ಹಾಕಿದ್ದಿಲ್ಲ. ಕೈಲೆ ಬಡದದ್ದು ಅಂತ ಹೇಳಿ ಮಾರಿದ ಮ್ಯಾಲೆ ಆ ಕೈಯಿಂದ ಆದಷ್ಟ ಮಾರಬೇಕು. "ಉಳದದ್ದು ಮಷೀನ್ ರೊಟ್ಟಿ ಕೊಂಡು ಕಳಸೂಣು, ಯಾರಿಗೆ ಗೊತ್ತಾಗತೈತಿ" ಅಂತ ಅಂದವರೂ ಇದ್ರು. ಯಾರಂತ ಹೇಳೂದಿಲ್ಲ, ನಮ್ಮ ಮನ್ಯಾಗನ ಅದಾರ. ಹುಡುಗಿ ಹನ್ನೊಂದು ಮಂದಿಗೆ ತಾನ ಫೋನ್ ಮಾಡಿ, "ತಪ್ಪಾತ್ರಿ, ಎಳ್ಳಮಾಸಿಗೆ ಆಗೂದಿಲ್ಲ, ಹತ್ತು ದಿನ ಬಿಟ್ಟು ಕಳಸ್ತೀವಿ, ಬ್ಯಾಡಂದ್ರ ರೊಕ್ಕ ವಾಪಸ್" ಅಂದ್ಲು. ನಾಕು ಮಂದಿ ರೊಕ್ಕ ವಾಪಸ್ ತಗೊಂಡ್ರು. ಏಳು ಮಂದಿ ಕಾದ್ರು. ವಿಡಿಯೋದ ಕೆಳಗ "ದಿನಕ್ಕ 120 ರೊಟ್ಟಿ ಮಾತ್ರ, ಪಾಳಿ ಪ್ರಕಾರ" ಅಂತ ಸೇರಿಸಿದ್ಲು. ನಮ್ಮ ಮನಿಯವರು 500 ರೂಪಾಯಿ ಕಟ್ಟಿ ವಿಡಿಯೋ ಇನ್ನೂ ಹೆಚ್ಚು ಮಂದಿಗೆ ಮುಟ್ಟಸೂಣು ಅಂದ್ರ ಅಮ್ಮ ಮಗಳು ಇಬ್ರೂ ಕೂಡೇ ಬ್ಯಾಡಂದ್ರು.

ಈಗ ಎರಡು ತಿಂಗಳಾತು. ಹಿಂದಿನ ಓಣಿ ಒಬ್ಬಾಕಿ ಬಡಿಯಾಕ ಬರತಾಳ. ಅಕಿ ರೊಟ್ಟಿ ಅತ್ತಿ ನೋಡಿ ಹೂಂ ಅಂದ ಮ್ಯಾಲೆ ತಗೊಂಡ್ವಿ. ದಿನಕ್ಕ 200 ಆಗತಾವ. ಮಗಳದು ಫೀ ಕಟ್ಟಿ ಆತು. ಖಾನಾವಳಿ ರೊಕ್ಕಕ್ಕಿಂತ ಒಂದೀಟು ಹೆಚ್ಚ ಬರತೈತಿ, ಭಾಳೇನಲ್ಲ.

ಫೋನ್ ಮಾಡಿದ್ದ ಹಿರೇರೇ, ನೀವು ಇದನ್ನ ಓದತೀರಿ ಅಂತ ನಂಗ ಗೊತ್ತು. ಬಳಿ ಹಾಕಿದ ಕೈ ಮನ್ಯಾಗ ಇತ್ತ್ರಿ, ಮೊದಲ ಅದನ್ನ ತೋರಿಸಿ ನೋಡಿದ್ವಿ. ಆ ಕೈಗೆ ಅಕಿ ರೊಟ್ಟಿ ಬರಲಿಲ್ಲ. ನಾಕೂವರಿಗೆ ಎದ್ದು ಹಂಚು ಇಡೂ ಕೈ ಯಾವುದೋ ಅದನ್ನ ತೋರಿಸೀವಿ. ನಿಮಗ ಸಿಟ್ಟು ಬಂದಿದ್ರ ನನ್ನ ಮ್ಯಾಲೆ ಇರ್ಲಿ, ಅಕಿ ಮ್ಯಾಲೆ ಬ್ಯಾಡ. ಮುಂದಿನ ಸಲ ಬಂದಾಗ ಊಟಕ್ಕ ಅಕಿ ಮನೀಗೇ ಹೋಗೂಣು.

ಇನ್ನೊಂದು ಸುದ್ದಿ. ಮುಂದಿನ ವಿಡಿಯೋ ಶೇಂಗಾ ಹಿಂಡಿದು. ಹಿಂಡಿ ಕುಟ್ಟಾಕಿ ನಾನ, ಹಂಗಾಗಿ ಈ ಸಲ ನನ್ನ ಕೈ ಬರತಾವ. ಆದ್ರ ನಿನ್ನಿ ತಗದು ನೋಡಿದ್ರ ಕುಟ್ಟೂ ಸಪ್ಪಳಕ್ಕಿಂತ ಬಳಿ ಸಪ್ಪಳನ ಜೋರ ಕೇಳಾಕತ್ತೈತಿ. "ದೊಡವ್ವಾ, ಬಳಿ ತಗೀತೀಯೇನು?" ಅಂತ ಹುಡುಗಿ ಕೇಳ್ಯಾಳ. ಮ್ಯಾಲೆ ಸರಸಿ ಅರಿವಿ ಸುತ್ತಿ ನೋಡತೀನಿ ಅಂದೀನಿ. ನೆಗೆಣ್ಣಿ ಬಾಜೂ ಕೂತು ಒಂದ ಸವನ ನಗಾಕತ್ತಿದ್ಲು.